ವಾರ್ಡಿನಲ್ಲಿ ರಾಗಿ ಹರವಿದವರು ಯಾರು?

"ವಯಸ್ಸಾಯ್ತಲ್ವಾ, ಹಾಗೇ." ಆಸ್ಪತ್ರೆ ಕಾರಿಡಾರಿನಲ್ಲಿ ನನಗೆ ಸಿಟ್ಟು ಬರಿಸುವ ಮಾತು ಅಂದರೆ ಇದೇ. ಅಜ್ಜಿಗೆ ಗೋಡೆ ತುಂಬ ಇರುವೆ ಕಾಣುತ್ತಿದೆ. ತಾತ ಎಂದೋ ತೀರಿಹೋದ ಅಣ್ಣನ ಜೊತೆ ಮಾತಾಡುತ್ತಿದ್ದಾರೆ. ಮೊನ್ನೆ ತನಕ ಪೇಪರನ್ನು ಮೊದಲಿಂದ ಕೊನೆವರೆಗೂ ಓದಿ ಮನೆಯವರಿಗೆಲ್ಲ ರಾಜಕೀಯ ಪಾಠ ಮಾಡುತ್ತಿದ್ದ ಮನುಷ್ಯ, ಈಗ ಸಿಸ್ಟರ್ ತನಗೆ ವಿಷ ಹಾಕುತ್ತಿದ್ದಾಳೆ ಅಂತ ಕೂಗುತ್ತಿದ್ದಾರೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ, ವಯಸ್ಸು. ಅಲ್ಲ ಸ್ವಾಮಿ, ವಯಸ್ಸು ನಿನ್ನೆ ರಾತ್ರಿ ಆಗಿದ್ದಾ? ಮೊನ್ನೆ ಸರಿಯಿದ್ದವರು ಇವತ್ತು ಹೀಗಾಗಿದ್ದಾರೆ ಅಂದರೆ ಈ ಮಧ್ಯೆ ಮೈಯಲ್ಲಿ ಏನೋ ಕೆಟ್ಟಿದೆ. ಏನು ಕೆಟ್ಟಿದೆ ಅಂತ ಹುಡುಕಬೇಕು.

ಡಾಕ್ಟರುಗಳು ಇದಕ್ಕೆ ಡೆಲಿರಿಯಂ ಅನ್ನುತ್ತಾರೆ. ನಮ್ಮ ಹಿರಿಯರಿಗೂ ಇದು ಗೊತ್ತಿತ್ತು. ವಿಷಮಶೀತ ಜ್ವರ ಜೋರಾಗಿ ರೋಗಿ ಬಡಬಡಿಸಲು ಶುರುಮಾಡಿದರೆ "ಸನ್ನಿ ಹಿಡಿದಿದೆ" ಅನ್ನುತ್ತಿದ್ದರು. ಕೆಲವೇ ಗಂಟೆಗಳಲ್ಲಿ, ಇಲ್ಲವೇ ಒಂದೆರಡು ದಿನದಲ್ಲಿ ಶುರುವಾಗುತ್ತದೆ. ಬೆಳಗ್ಗೆ ಸುಮಾರಾಗಿ ಇರುತ್ತಾರೆ, ಸಂಜೆ ಆಗುತ್ತಿದ್ದ ಹಾಗೆ ಜಾಸ್ತಿಯಾಗುತ್ತದೆ, ರಾತ್ರಿ ಪೂರ್ತಿ ಹದಗೆಡುತ್ತದೆ, ಮತ್ತೆ ಬೆಳಗ್ಗೆ ರೌಂಡ್ಸ್‌ಗೆ ದೊಡ್ಡ ಡಾಕ್ಟರ್ ಬರುವ ಹೊತ್ತಿಗೆ ಪಾಪದವರ ಹಾಗೆ "ನಮಸ್ಕಾರ ಡಾಕ್ಟ್ರೇ" ಅಂತ ಕೂತಿರುತ್ತಾರೆ. ರಾತ್ರಿ ನಡೆದದ್ದನ್ನು ಹೇಳಿದರೆ ಡಾಕ್ಟರು ನಮ್ಮನ್ನೇ ಒಂಥರಾ ನೋಡುತ್ತಾರೆ.

ಮರೆವಿನ ಕಾಯಿಲೆಗೂ ಇದಕ್ಕೂ ಗೊಂದಲ ಮಾಡಿಕೊಳ್ಳುವವರು ತುಂಬಾ ಜನ. ಮರೆವು ತಿಂಗಳು ವರ್ಷಗಳ ಲೆಕ್ಕದಲ್ಲಿ ನಿಧಾನಕ್ಕೆ ಬರುತ್ತದೆ. ಡೆಲಿರಿಯಂನಲ್ಲಿ ಮೊದಲು ಕೈಕೊಡುವುದು ಗಮನ. ಒಂದು ಮಾತು ಹಿಡಿದುಕೊಂಡು ಕೊನೆ ತನಕ ಹೋಗಲು ಆಗುವುದಿಲ್ಲ. ಅದಕ್ಕೇ ಡಾಕ್ಟರು 20ರಿಂದ ಹಿಂದಕ್ಕೆ ಎಣಿಸಿ ಅಂತಾರೆ, ವಾರದ ಹೆಸರುಗಳನ್ನು ಹಿಂದಿನಿಂದ ಹೇಳಿಸುತ್ತಾರೆ. ಜೀವನಪೂರ್ತಿ ಸಂತೆ ಲೆಕ್ಕ ಬಾಯಲ್ಲೇ ಹಾಕಿದವರು 17ಕ್ಕೆ ಬಂದು ನಿಂತುಬಿಡುತ್ತಾರೆ, ಕಿಟಕಿ ಕಡೆ ನೋಡುತ್ತಾರೆ, ನಾವು ಏನು ಕೇಳಿದ್ದೆವು ಅನ್ನುವುದೇ ಮರೆತುಹೋಗಿರುತ್ತದೆ. ಮರೆವಿನ ಕಾಯಿಲೆ ಮೊದಲೇ ಇದ್ದವರಿಗೆ ಡೆಲಿರಿಯಂ ಸುಲಭವಾಗಿ ಬರುತ್ತದೆ ಅನ್ನುವುದು ನಿಜ. ಆದರೂ ಎರಡೂ ಬೇರೆ ಬೇರೆ.

ಹುಚ್ಚು ಅನ್ನುವ ಭಯವೂ ಬೇಡ. ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆಯಲ್ಲಿ ಸಾಮಾನ್ಯವಾಗಿ ದನಿಗಳು ಕೇಳಿಸುತ್ತವೆ. ಡೆಲಿರಿಯಂನಲ್ಲಿ ಹೆಚ್ಚಾಗಿ ಕಣ್ಣಿಗೆ ಕಾಣುತ್ತದೆ. ಇರುವೆ, ಹಾವು, ನಾಯಿ, ಮಕ್ಕಳು, ಪರಿಚಯವಿಲ್ಲದ ಜನ, ತೀರಿಹೋದವರು. ಎಂದೂ ಇಂಥ ತೊಂದರೆ ಇಲ್ಲದ 75 ವರ್ಷದವರಿಗೆ ಆಸ್ಪತ್ರೆಯಲ್ಲಿ ದಿಢೀರಂತ ಏನೇನೋ ಕಾಣಲು ಶುರುವಾದರೆ, ಕಾರಣವನ್ನು ಮೊದಲು ಮೈಯಲ್ಲಿ, ಮಾತ್ರೆಯಲ್ಲಿ ಹುಡುಕಬೇಕು.

ನಮ್ಮ ದೊಡ್ಡಪ್ಪನ ಕತೆ ಹೇಳುತ್ತೇನೆ. ತುಮಕೂರು ಕಡೆ ಹಳ್ಳಿಯವರು, ಎಂಬತ್ತರ ಆಸುಪಾಸು. ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿಯಿತು. ಆಪರೇಷನ್ ಆದ ಸಂಜೆ ಚೆನ್ನಾಗೇ ಇದ್ದರು. ಕಾಫಿಗೆ ಸಕ್ಕರೆ ಸಾಲದು ಅಂತ ಕಿರಿಕಿರಿಯೂ ಮಾಡಿದರು. ಮರುದಿನ ರಾತ್ರಿ ಮಲಗಿದ್ದವರು ಎದ್ದು ಕೂತು ನೆಲವನ್ನೇ ನೋಡಲು ಶುರುಮಾಡಿದರು. ಆಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದ ನರ್ಸಿಗೆ, "ಸಿಸ್ಟರಮ್ಮ, ಅಂಗೆ ತುಳ್ಕೊಂಡು ಓಡಾಡ್ಬ್ಯಾಡಿ, ರಾಗಿ ಹರವವ್ರೆ" ಅಂದರು. ಆಕೆ ನಕ್ಕು ಹೋದಳು. ದೊಡ್ಡಪ್ಪ ನಗಲಿಲ್ಲ. ಎರಡೂ ಕೈಯಿಂದ ಹೊದಿಕೆಯನ್ನು ಬಾಚಿ ಬಾಚಿ ಮಡಿಲಿಗೆ ಎಳೆದು ರಾಶಿ ಮಾಡತೊಡಗಿದರು. ನನ್ನ ಕಡೆ ತಿರುಗಿ, "ಮಗ, ಮೋಡ ಆಗೈತೆ, ಟಾರ್ಪಾಲು ತತ್ತಾ ಬೇಗ" ಅಂದರು. ದನಿಯಲ್ಲಿ ಗಾಬರಿ ಇತ್ತು. ಕಣದಲ್ಲಿ ರಾಗಿ ಇರುವಾಗ ಮೋಡ ಆದರೆ ರೈತನಿಗೆ ಎಷ್ಟು ಗಾಬರಿ ಆಗುತ್ತದೋ ಅಷ್ಟೂ.

ಸ್ವಲ್ಪ ಹೊತ್ತಿಗೆ ಕೈಗೆ ಹಾಕಿದ್ದ ಡ್ರಿಪ್ಪನ್ನು ಕಿತ್ತರು. ಇಳಿಯಲು ಹೋದರು. ರಾತ್ರಿ ಡ್ಯೂಟಿಯವರು ಬ್ಯಾಂಡೇಜ್ ಬಟ್ಟೆಯಲ್ಲಿ ಎರಡೂ ಕೈಯನ್ನು ಮಂಚದ ಸರಳಿಗೆ ಕಟ್ಟಿದರು. ಕಟ್ಟಿದ ಮೇಲೆ ಕೂಗಾಟ ದುಪ್ಪಟ್ಟಾಯಿತು. ಪಕ್ಕದ ಮಂಚದ ಅಜ್ಜಿಯ ಕಡೆಯವರು, "ಇದೇನೋ ಸೋಕಿರೋ ಹಾಗಿದೆ, ನಿಂಬೆಹಣ್ಣು ನಿವಾಳಿಸಿ" ಅಂತ ಸಲಹೆ ಕೊಟ್ಟರು. ನಮ್ಮ ದೊಡ್ಡಮ್ಮ ಅದಕ್ಕೂ ರೆಡಿಯಾಗಿದ್ದರು. ನಿವಾಳಿಸಿದರೆ ನನ್ನದೇನೂ ತಕರಾರಿಲ್ಲ, ನಿಂಬೆಹಣ್ಣಿನಿಂದ ಯಾರಿಗೂ ತೊಂದರೆ ಆಗುವುದಿಲ್ಲ. ಅಲ್ಲಿಗೇ ನಿಲ್ಲಿಸಿಬಿಡುತ್ತಾರಲ್ಲ, ಅದು ತೊಂದರೆ.

ಆ ಹೊತ್ತಿಗೆ ಡ್ಯೂಟಿ ಡಾಕ್ಟರ್ ಬಂದಳು. ಇನ್ನೂ ಓದುತ್ತಿರುವ ಹುಡುಗಿ, ನಿದ್ದೆಗಣ್ಣು. ರಾಗಿ ವಿಷಯ ಅವಳು ಕೇಳಲೇ ಇಲ್ಲ. ದೊಡ್ಡಪ್ಪನ ಹೊಟ್ಟೆಯ ಕೆಳಭಾಗದ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದಳು. ದೊಡ್ಡಪ್ಪ ಮುಖ ಹಿಂಡಿದರು. "ಇವರು ಯೂರಿನ್ ಯಾವಾಗ ಮಾಡಿದ್ದು?" ಅಂದಳು. ಬೆಳಗ್ಗೆ ಮೂತ್ರದ ಪೈಪು ತೆಗೆದಿದ್ದರು. ಆಮೇಲೆ ಹೋದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮತ್ತೆ ಪೈಪು ಹಾಕಿದಾಗ ಚೀಲಕ್ಕೆ ಮುಕ್ಕಾಲು ಲೀಟರಿಗಿಂತ ಜಾಸ್ತಿ ಬಂತು. ಅವಳು ಆಮೇಲೆ ಕೇಸ್ ಶೀಟ್ ತಿರುವಿ ಒಂದು ಇಂಜೆಕ್ಷನ್ ಹೆಸರಿನ ಮೇಲೆ ಗೀಟು ಎಳೆದಳು. ಕೈಕಟ್ಟು ಬಿಚ್ಚಿಸಿದಳು. ಡ್ರಾಯರಿನಲ್ಲಿದ್ದ ಕನ್ನಡಕ ತೆಗೆದು ಹಾಕಿಸಿ ಎಂದಳು. ಬೆಳಗಾಗುವ ಹೊತ್ತಿಗೆ ದೊಡ್ಡಪ್ಪನ ಗಲಾಟೆ ಇಳಿದಿತ್ತು. ರಾಗಿ ಪೂರ್ತಿ ಖಾಲಿ ಆಗಲು ಇನ್ನೂ ಸ್ವಲ್ಪ ಸಮಯ ಹಿಡಿಯಿತು.

ಗೀಟು ಬಿದ್ದ ಆ ಇಂಜೆಕ್ಷನ್ ಪ್ರೊಮೆಥಜಿನ್. ಅಲರ್ಜಿಗೆ, ವಾಂತಿಗೆ ಕೊಡುವಂಥದ್ದು, ಮಂಪರು ಬರುತ್ತದೆ, ಹಾಗಾಗಿ ನಿದ್ದೆಗೆ ಅಂತಲೂ ಕೊಟ್ಟುಬಿಡುತ್ತಾರೆ. ದೊಡ್ಡಪ್ಪನಿಗೆ ನೋವಿಗೆ ಟ್ರಮಡಾಲ್ ಬೇರೆ ಇತ್ತು. ನಮ್ಮ ನರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕಗಳಲ್ಲಿ ಅಸಿಟೈಲ್‌ಕೋಲಿನ್ ಅಂತ ಒಂದಿದೆ. ಮೂತ್ರಚೀಲ ಹಿಂಡಿಕೊಳ್ಳಬೇಕಾದರೆ ಅದು ಬೇಕು. ಮಿದುಳು ಎಚ್ಚರವಾಗಿ, ಗಮನ ಇಟ್ಟು ಇರಬೇಕಾದರೂ ಅದೇ ಬೇಕು. ಪ್ರೊಮೆಥಜಿನ್ ಅದರ ಕೆಲಸವನ್ನು ಎರಡೂ ಕಡೆ ತಡೆಯುತ್ತದೆ. ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಊದಿರುವ ವಯಸ್ಸಾದ ಗಂಡಸರಿಗೆ ಮೂತ್ರ ಕಟ್ಟುತ್ತದೆ, ಮಿದುಳಿಗೆ ಮಬ್ಬು ಕವಿಯುತ್ತದೆ, ಕಟ್ಟಿದ ಮೂತ್ರದ ನೋವು ಆ ಮಬ್ಬನ್ನು ಇನ್ನಷ್ಟು ಕೆರಳಿಸುತ್ತದೆ. ನೋವಾಗುತ್ತಿದೆ ಅಂತ ಹೇಳುವಷ್ಟು ಗಮನ ಅವರಿಗೆ ಉಳಿದಿರುವುದಿಲ್ಲ, ರಾಗಿ ಮಾತ್ರ ಕಾಣುತ್ತದೆ.

ಇದನ್ನು ನಮ್ಮ ಹಳ್ಳಿಯವರು ಬೇರೆ ರೀತಿಯಲ್ಲಿ ಬಲ್ಲರು. ಬೇಲಿ ಪಕ್ಕ, ತಿಪ್ಪೆ ಪಕ್ಕ ಬೆಳೆಯುವ ದತ್ತೂರಿ ಗಿಡದ ಬೀಜ ತಿಂದವರು ಏನು ಮಾಡುತ್ತಾರೆ ಅಂತ ಹಳಬರನ್ನು ಕೇಳಿ. ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅಗಲ ಆಗುತ್ತದೆ, ಮೂತ್ರ ಕಟ್ಟುತ್ತದೆ, ಗಾಳಿಯಲ್ಲಿ ಇಲ್ಲದ ದಾರ ಎಳೆಯುತ್ತಾರೆ, ಇಲ್ಲದವರ ಜೊತೆ ಮಾತಾಡುತ್ತಾರೆ. ರೈಲಿನಲ್ಲಿ ಪ್ರಯಾಣಿಕರಿಗೆ ತಿಂಡಿಯಲ್ಲಿ ಬೆರೆಸಿ ಕೊಟ್ಟು ದೋಚುತ್ತಿದ್ದ ಕಳ್ಳರ ಕತೆಗಳೂ ಇವೆ. ದತ್ತೂರಿಯಲ್ಲಿರುವ ಅಟ್ರೊಪಿನ್, ಸ್ಕೊಪೊಲಮಿನ್ ತಡೆಯುವುದೂ ಇದೇ ಅಸಿಟೈಲ್‌ಕೋಲಿನ್ನನ್ನು. ಬೇಜಾರಿನ ಸಂಗತಿ ಅಂದರೆ, ದತ್ತೂರಿ ಕೊಡುವುದಿಲ್ಲ ಅನ್ನುವ ನಾವು ಅದರ ದೂರದ ನೆಂಟರನ್ನು ಮನೆ ಹಿರಿಯರಿಗೆ ಸಲೀಸಾಗಿ ಕೊಡುತ್ತೇವೆ. ನೆಗಡಿ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮಿನ್, ಕೈ ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಪದೇ ಪದೇ ಮೂತ್ರ ಬರುವುದಕ್ಕೆ ಕೊಡುವ ಆಕ್ಸಿಬ್ಯುಟಿನಿನ್. ಒಂದೊಂದೂ ಒಬ್ಬೊಬ್ಬ ಡಾಕ್ಟರು ಸರಿಯಾದ ಕಾರಣಕ್ಕೇ ಬರೆದಿರುತ್ತಾರೆ. ಎಲ್ಲವೂ ಒಂದೇ ಹೊಟ್ಟೆಗೆ ಹೋಗುತ್ತಿವೆ ಅಂತ ನೋಡುವವರು ಯಾರೂ ಇರುವುದಿಲ್ಲ.

ಸರಿ, ಮಿದುಳು ಮಬ್ಬಾಯಿತು. ಆದರೆ ರಾಗಿಯೇ ಯಾಕೆ? ಇದು ನನಗೆ ತುಂಬಾ ದಿನ ತಲೆಯಲ್ಲಿ ಕೊರೆಯುತ್ತಿತ್ತು. ಆಮೇಲೆ ಆ ವಾರ್ಡನ್ನು ನೆನಪು ಮಾಡಿಕೊಂಡೆ. ನೆಲಕ್ಕೆ ಹಳೇ ಕಾಲದ ಮೊಸಾಯಿಕ್, ಕಂದು ಕಪ್ಪು ಚುಕ್ಕೆ ಚುಕ್ಕೆ. ವಾರ್ಡಿನ ದೀಪ ಆರಿಸಿದ್ದರು, ಕಾರಿಡಾರಿನ ಟ್ಯೂಬ್‌ಲೈಟ್ ಬೆಳಕು ಬಾಗಿಲ ಸಂದಿಯಿಂದ ಓರೆಯಾಗಿ ಬಿದ್ದಿತ್ತು. ಕನ್ನಡಕ ಇಲ್ಲದ, ಪೊರೆ ಬಂದ ಕಣ್ಣಿಗೆ ಅದು ಹರವಿದ ಕಾಳಿನ ಹಾಗೇ ಕಾಣಬೇಕು. ಕಣ್ಣಿನಿಂದ ಬರುವ ಮಾಹಿತಿ ಅರೆಬರೆ ಇದ್ದಾಗ ಉಳಿದದ್ದನ್ನು ಮಿದುಳು ತಾನೇ ಊಹಿಸಿ ತುಂಬಿಕೊಳ್ಳುತ್ತದೆ, ಇದು ನಮ್ಮೆಲ್ಲರಲ್ಲೂ ನಡೆಯುತ್ತದೆ. ಕತ್ತಲಲ್ಲಿ ಹಗ್ಗ ಹಾವಾಗುವುದು ಹೀಗೇ. ನಾವು ಇನ್ನೊಂದು ಸಲ ನೋಡಿ, ಅಯ್ಯೋ ಹಗ್ಗ ಅಂತ ತಿದ್ದಿಕೊಳ್ಳುತ್ತೇವೆ. ಡೆಲಿರಿಯಂನಲ್ಲಿ ಆ ತಿದ್ದುವ ಕೆಲಸ ನಿಂತುಹೋಗಿರುತ್ತದೆ. ಊಹೆಗೆ ಬೇಕಾದ ಸಾಮಾನು ಎಲ್ಲಿಂದ ಬರಬೇಕು? ಅವರ ಜೀವನದಿಂದಲೇ. ಅರವತ್ತು ವರ್ಷ ಕಣ ಮಾಡಿದವರಿಗೆ ಚುಕ್ಕೆ ನೆಲ ರಾಗಿಯಾಯಿತು. ಡ್ರಿಪ್ ಟ್ಯೂಬು ಇನ್ನೊಬ್ಬರಿಗೆ ಹಾವು, ಫ್ಯಾನಿನ ನೆರಳು ಮತ್ತೊಬ್ಬರಿಗೆ ಬಾವಲಿ.

ಕಣ್ಣಿನ ಪಾಲು ಎಷ್ಟು ಅಂತ ತಿಳಿಯಲು ಒಂದು ಹಳೇ ಸಂಗತಿ ಇದೆ. 1760ರಲ್ಲಿ ಸ್ವಿಟ್ಜರ್‌ಲೆಂಡಿನ ಷಾರ್ಲ್ ಬೊನೆ ಎಂಬ ವಿಜ್ಞಾನಿ ತನ್ನ ತಾತನ ಬಗ್ಗೆ ಬರೆದ. ಪೊರೆಯಿಂದ ಹೆಚ್ಚುಕಮ್ಮಿ ಕುರುಡಾಗಿದ್ದ ಆ ತಾತನಿಗೆ ಜನ, ಪಕ್ಷಿ, ಗಾಡಿ, ಕಟ್ಟಡ ಎಲ್ಲ ಕಾಣುತ್ತಿದ್ದವು. ಆದರೆ ಬುದ್ಧಿ ಚುರುಕಾಗಿತ್ತು, ಇವೆಲ್ಲ ಇಲ್ಲ ಅಂತ ಅವನಿಗೆ ಗೊತ್ತಿತ್ತು, ಹೆದರುತ್ತಲೂ ಇರಲಿಲ್ಲ. ಅಂದರೆ ಕಣ್ಣು ಸೋತರೆ ಸಾಕು, ಚಿತ್ರ ಹುಟ್ಟಬಹುದು. ಅದರ ಜೊತೆ ಗಮನವೂ ಸೋತರೆ ಆ ಚಿತ್ರ ನಿಜವಾಗಿಬಿಡುತ್ತದೆ. ಆಸ್ಪತ್ರೆಗೆ ಸೇರಿಸುವಾಗ "ಕಳೆದುಹೋದೀತು" ಅಂತ ಕನ್ನಡಕ, ಕಿವಿ ಮೆಷಿನ್ನು ಮನೆಯಲ್ಲೇ ಬಿಟ್ಟು ಬರುವ ನಮ್ಮ ಅಭ್ಯಾಸ ಇದೆಯಲ್ಲ, ಅದನ್ನು ಬಿಡಬೇಕು. ಕಳೆದರೆ ಇನ್ನೊಂದು ಮಾಡಿಸಬಹುದು.

ನಿದ್ದೆಯ ಪಾಲೂ ದೊಡ್ಡದು. ರಾತ್ರಿ ಹನ್ನೊಂದಕ್ಕೆ ಇಂಜೆಕ್ಷನ್, ಒಂದಕ್ಕೆ ಬಿಪಿ, ನಾಲ್ಕಕ್ಕೆ ರಕ್ತ ತೆಗೆಯುವವರು, ಐದಕ್ಕೆ ನೆಲ ಒರೆಸುವವರು. ಹಗಲಿನಲ್ಲಿ ಕಿಟಕಿಗೆ ಪರದೆ, ರಾತ್ರಿಯಲ್ಲಿ ಕಣ್ಣಿಗೆ ದೀಪ. ಹಗಲು ರಾತ್ರಿಯ ಲೆಕ್ಕ ತಪ್ಪಿದ ಮಿದುಳಿನಲ್ಲಿ ಕನಸು ಎಚ್ಚರದ ಒಳಗೆ ನುಗ್ಗುತ್ತದೆ ಅನ್ನುವುದು ಒಂದು ವಿವರಣೆ. ಹೊದಿಕೆ ಬಾಚುವುದು, ಗಾಳಿಯಲ್ಲಿ ಏನೋ ಹಿಡಿಯುವುದು, ಇದನ್ನು ಹಿಪ್ಪೊಕ್ರಾಟಿಸ್‌ನ ಹೆಸರಿನಲ್ಲಿರುವ ಗ್ರೀಕ್ ಬರಹಗಳಲ್ಲೇ ಗುರುತಿಸಿ, ಜೋರು ಜ್ವರದಲ್ಲಿ ಹೀಗೆ ಮಾಡಿದರೆ ಕೆಟ್ಟ ಸೂಚನೆ ಎಂದು ಹೇಳಿದ್ದಾರೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು. ದೊಡ್ಡಪ್ಪ ಮಾಡಿದ್ದೂ ಅದೇ.

ಮಿದುಳಿನ ಒಳಗೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಎಂಗೆಲ್ ಮತ್ತು ರೊಮಾನೊ ಎಂಬ ಇಬ್ಬರು ವೈದ್ಯರ ಕೆಲಸ ನನಗೆ ಇಷ್ಟ. ಡೆಲಿರಿಯಂ ಆದವರ ಮಿದುಳಿನ ವಿದ್ಯುತ್ ಅಲೆಗಳನ್ನು ಇಇಜಿಯಲ್ಲಿ ನೋಡಿದರೆ ಅವು ನಿಧಾನವಾಗಿರುತ್ತವೆ, ರೋಗಿ ಸುಧಾರಿಸಿದ ಹಾಗೆ ಅಲೆಗಳೂ ಸುಧಾರಿಸುತ್ತವೆ ಅಂತ ತೋರಿಸಿದರು. 1959ರಲ್ಲಿ ಬರೆದ ಲೇಖನದಲ್ಲಿ, ಹೃದಯ ಸೋಲುವ ಹಾಗೆ, ಕಿಡ್ನಿ ಸೋಲುವ ಹಾಗೆ ಇದು ಮಿದುಳು ಸೋಲುವುದು ಅಂದರು. ವೋಲ್ಟೇಜ್ ಕಮ್ಮಿಯಾದಾಗ ಪಂಪ್‌ಸೆಟ್ ಗುಂಯ್ ಅನ್ನುತ್ತದೆ, ನೀರು ಎತ್ತುವುದಿಲ್ಲ, ಮೋಟರ್ ಮಾತ್ರ ಬಿಸಿಯಾಗುತ್ತದೆ. ಹಾಗೆ. ವೋಲ್ಟೇಜ್ ಕಮ್ಮಿಯಾಗಲು ಕಾರಣ ಮಾತ್ರ ಸಾವಿರ ಇರಬಹುದು.

ಆ ಕಾರಣಗಳಲ್ಲಿ ತೀರಾ ಸಾಮಾನ್ಯವಾದವು ಕೇಳಲು ಸಪ್ಪೆ ಅನ್ನಿಸುತ್ತವೆ. ಮೂತ್ರದ ಸೋಂಕು, ಎದೆಯ ಸೋಂಕು. ವಯಸ್ಸಾದವರಲ್ಲಿ ಜ್ವರವೇ ಬರದೆ ನೇರವಾಗಿ ಗೊಂದಲವೇ ಮೊದಲ ಲಕ್ಷಣ ಆಗಬಹುದು. ಸೋಂಕಿನ ವಿರುದ್ಧ ಹೋರಾಡಲು ಮೈ ಬಿಡುಗಡೆ ಮಾಡುವ ರಾಸಾಯನಿಕಗಳು ಮಿದುಳನ್ನೂ ಕೆರಳಿಸುತ್ತವೆ, ಆಪರೇಷನ್ ಗಾಯದಿಂದಲೂ ಇದೇ ಆಗುತ್ತದೆ. ನೀರು ಕಮ್ಮಿ ಕುಡಿಯುವುದು. ಶುಗರ್ ತೀರಾ ಇಳಿಯುವುದು ಅಥವಾ ಏರುವುದು. ರಕ್ತದಲ್ಲಿ ಆಕ್ಸಿಜನ್ ಕಮ್ಮಿ. ಮಲಬದ್ಧತೆ, ಹೌದು, ನಾಲ್ಕು ದಿನ ಕಕ್ಕಸಿಗೆ ಹೋಗಿಲ್ಲ ಅನ್ನುವುದೂ ಕಾರಣ. ಲಿವರ್ ಹಾಳಾದವರಲ್ಲಂತೂ ಮಲಬದ್ಧತೆಯೇ ಸಾಕು, ಕರುಳಿನಲ್ಲಿ ಹುಟ್ಟುವ ಅಮೋನಿಯಾ ರಕ್ತಕ್ಕೆ ಸೇರಿ ಮಿದುಳಿಗೆ ಹೋಗುತ್ತದೆ. ಅವರಿಗೆ ಕೊಡುವ ಲ್ಯಾಕ್ಟುಲೋಸ್ ಸಿರಪ್ಪನ್ನು "ಭೇದಿ ಆಗುತ್ತೆ" ಅಂತ ಮನೆಯವರು ನಿಲ್ಲಿಸುತ್ತಾರೆ. ಮಲ ಸಡಿಲವಾಗಿ ಹೋಗಲಿ ಅಂತಲೇ ಅದನ್ನು ಕೊಡುವುದು!

ಸೋಡಿಯಂ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಯಾಕೆಂದರೆ ನಮ್ಮ ಮನೆಗಳಲ್ಲಿ ಇದು ತುಂಬಾ ಜಾಸ್ತಿ. ರಕ್ತದಲ್ಲಿ ಸೋಡಿಯಂ 135ರಿಂದ 145 ಇರಬೇಕು. ಬಿಪಿಗೆ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಮೂತ್ರ ಹೆಚ್ಚಿಸುವ ಇನ್ನೊಂದು ಔಷಧಿ ಸೇರಿರುತ್ತದೆ, ಹೈಡ್ರೊಕ್ಲೋರೊಥಯಜೈಡ್ ಅಥವಾ ಕ್ಲೋರ್‌ಥಾಲಿಡೋನ್. ಅದನ್ನು ತಗೊಳ್ಳುವ ಅಜ್ಜಿ, ಬಿಪಿ ಇದೆ ಅಂತ ಉಪ್ಪನ್ನೂ ಬಿಟ್ಟು, ಊಟಾನೂ ಕಮ್ಮಿ ಮಾಡಿ, ಜೊತೆಗೆ ಎರಡು ದಿನ ವಾಂತಿ ಭೇದಿ ಆದರೆ ಸೋಡಿಯಂ ಸರ್ರಂತ ಇಳಿಯುತ್ತದೆ. 120ರ ಕೆಳಗೆ ಇಳಿದವರು ಬೀರು ಮೇಲೆ ಮಕ್ಕಳು ಕೂತಿದ್ದಾರೆ ಅಂದರೆ ಆಶ್ಚರ್ಯ ಇಲ್ಲ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವ ವಿಷಯ. ಅಂತ ಹೇಳಿ ಮನೆಯಲ್ಲೇ ಉಪ್ಪು ನೀರು ಕುಡಿಸಿ ಸರಿಮಾಡಲು ಹೋಗಬಾರದು. ಆಸ್ಪತ್ರೆಯಲ್ಲೂ ಅದನ್ನು ನಿಧಾನಕ್ಕೇ ಏರಿಸುತ್ತಾರೆ, ಬೇಗ ಏರಿಸಿದರೆ ಮಿದುಳಿಗೇ ಪೆಟ್ಟು.

ಇನ್ನು ಕುಡಿತ. ಇದನ್ನು ಮನೆಯವರು ಮುಚ್ಚಿಡುತ್ತಾರೆ. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ಸೇರಿದ ಐವತ್ತು ವರ್ಷದವನು. "ಕುಡೀತಾರಾ?" ಅಂದರೆ ಹೆಂಡತಿ "ಇಲ್ಲ ಸಾರ್, ಹಬ್ಬಕ್ಕೆ ಸ್ವಲ್ಪ" ಅಂತಾಳೆ, ಅತ್ತೆ ಮಾವ ಪಕ್ಕದಲ್ಲೇ ನಿಂತಿರುತ್ತಾರೆ, ಪಾಪ ಇನ್ನೇನು ಹೇಳಬೇಕು ಅವಳು. ದಿನಾ ಕುಡಿಯುವ ಮೈ ಮದ್ಯದ ಮಂಪರಿಗೆ ಎದುರಾಗಿ ಮಿದುಳನ್ನು ಸದಾ ಜೋರಾಗಿ ಓಡಿಸುತ್ತಾ ಇರುತ್ತದೆ. ದಿಢೀರಂತ ಮದ್ಯ ನಿಂತರೆ ಆ ಓಟಕ್ಕೆ ಬ್ರೇಕೇ ಇಲ್ಲ. ಕೈ ನಡುಕ, ಬೆವರು, ಕೆಲವರಿಗೆ ಫಿಟ್ಸ್. ಕೊನೆಯ ಸಲ ಕುಡಿದು ಎರಡರಿಂದ ನಾಲ್ಕು ದಿನದೊಳಗೆ ಡೆಲಿರಿಯಂ ಟ್ರೆಮೆನ್ಸ್ ಶುರುವಾಗಬಹುದು. ಮೈಮೇಲೆ ಹುಳ ಹರಿಯುತ್ತವೆ, ಗೋಡೆಯಲ್ಲಿ ಇಲಿ, ಪೊಲೀಸರು ಹಿಡಿಯಲು ಬಂದಿದ್ದಾರೆ. ಇದರಲ್ಲಿ ಜೀವವೇ ಹೋಗಬಹುದು. ಬೇರೆ ಡೆಲಿರಿಯಂನಲ್ಲಿ ಹದಗೆಡಿಸುವ ಲೊರಜೆಪಾಮ್ ಗುಂಪಿನ ಔಷಧಿಗಳೇ ಇದರಲ್ಲಿ ಜೀವ ಉಳಿಸುತ್ತವೆ, ಜೊತೆಗೆ ಥಯಮಿನ್ ಅಂದರೆ ಬಿ1 ವಿಟಮಿನ್ ಇಂಜೆಕ್ಷನ್ ಬೇಕು. ಅದಕ್ಕೇ ಕುಡಿತದ ವಿಷಯ ಡಾಕ್ಟರಿಗೆ ಗೊತ್ತಿರಲೇಬೇಕು. ಎಲ್ಲರ ಮುಂದೆ ಹೇಳಲು ಆಗದಿದ್ದರೆ ಹೊರಗೆ ಕರೆದು ಹೇಳಿ.

2020ರ ಲಾಕ್‌ಡೌನ್ ನೆನಪಿದೆಯಲ್ಲ. ಮಾರ್ಚ್ ಕೊನೆಯಲ್ಲಿ ಬಾಗಿಲು ಹಾಕಿದ ಮದ್ಯದಂಗಡಿ ನಮ್ಮಲ್ಲಿ ತೆರೆದದ್ದು ಮೇ 4ಕ್ಕೆ. ಟಿವಿಯಲ್ಲಿ ಅಂಗಡಿ ಮುಂದಿನ ಕ್ಯೂ, ಪೂಜೆ, ಪಟಾಕಿ ನೋಡಿ ನಾವೆಲ್ಲ ನಕ್ಕೆವು. ಆ ಮಧ್ಯದಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಮದ್ಯ ನಿಂತು ಫಿಟ್ಸ್, ಡೆಲಿರಿಯಂ ಆಗಿ ಬರುವವರು ಜಾಸ್ತಿಯಾದರು ಅಂತ ವೈದ್ಯರು ಆಮೇಲೆ ಬರೆದಿದ್ದಾರೆ.

ಐಸಿಯು ವಿಷಯ ಬೇರೆಯೇ. ವೆಂಟಿಲೇಟರ್ ಮೇಲಿದ್ದವರಲ್ಲಿ ಡೆಲಿರಿಯಂ ಎಷ್ಟು ಸಾಮಾನ್ಯ ಅಂದರೆ ಕೆಲವು ಅಧ್ಯಯನಗಳಲ್ಲಿ 80% ತನಕ ಹೋಗಿದೆ. ಕಾಯಿಲೆ ಗಂಭೀರ, ಮಂಪರು ಬರಿಸುವ ಮಿಡಜೋಲಾಮ್‌ನಂಥ ಔಷಧಿ, ಹಗಲು ರಾತ್ರಿ ಒಂದೇ ಬೆಳಕು, ಬೀಪ್ ಬೀಪ್, ಗಂಟಲಲ್ಲಿ ಪೈಪು, ಮಾತಾಡುವಂತಿಲ್ಲ. ಅಲ್ಲಿಂದ ಬದುಕಿ ಬಂದವರು ಹೇಳುವ ಕತೆಗಳು ವಿಚಿತ್ರವಾಗಿ ಒಂದೇ ಥರ ಇರುತ್ತವೆ. ಯಾರೋ ಎತ್ತಿಕೊಂಡು ಹೋಗಿ ಗೋದಾಮಿನಲ್ಲಿ ಕಟ್ಟಿಹಾಕಿದ್ದರು, ಹಡಗಿನಲ್ಲಿ ಸಾಗಿಸುತ್ತಿದ್ದರು, ನರ್ಸುಗಳು ಕಿಡ್ನಿ ಕದಿಯಲು ಮಾತಾಡಿಕೊಳ್ಳುತ್ತಿದ್ದರು. ಕೈ ಕಟ್ಟಿರುವುದು ನಿಜ, ಗಾಲಿ ಮಂಚದಲ್ಲಿ ತಳ್ಳಿಕೊಂಡು ಸ್ಕ್ಯಾನಿಂಗಿಗೆ ಹೋದದ್ದು ನಿಜ, ಚುಚ್ಚಿದ್ದೂ ನಿಜ. ಮಬ್ಬು ಕವಿದ ಮಿದುಳು ಈ ತುಂಡುಗಳನ್ನು ಸೇರಿಸಿ ಕತೆ ಕಟ್ಟಿದೆ. ಕೋವಿಡ್ ಕಾಲದಲ್ಲಿ ಪಿಪಿಇ ಹಾಕಿಕೊಂಡು ಮುಖವೇ ಕಾಣದ ಜನ ಸುತ್ತ ನಿಂತಾಗ ರೋಗಿಗೆ ಏನನ್ನಿಸಿರಬೇಕು ಹೇಳಿ.

"ಅನಸ್ತೇಶಿಯಾ ಕೊಟ್ಟಿದ್ದೇ ತಪ್ಪು, ಬೆನ್ನಿಗೆ ಕೊಡಿಸಬೇಕಿತ್ತು" ಅಂತ ನಮ್ಮ ನೆಂಟರೊಬ್ಬರು ವಾದ ಮಾಡಿದ್ದರು. ಸೊಂಟದ ಮೂಳೆ ಮುರಿದ 1,600 ಜನರ ಮೇಲೆ ಮಾಡಿದ, 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪೂರ್ತಿ ಮಂಪರು ಕೊಟ್ಟರೂ, ಬೆನ್ನಿಗೆ ಕೊಟ್ಟರೂ ಸುಮಾರು ಐದರಲ್ಲಿ ಒಬ್ಬರಿಗೆ ಡೆಲಿರಿಯಂ ಆಗಿತ್ತು. ಹೆಚ್ಚು ಕಮ್ಮಿ ಏನಿಲ್ಲ.

ಔಷಧಿ ಕೊಟ್ಟು ಸುಮ್ಮನಾಗಿಸುವುದರ ಬಗ್ಗೆಯೂ ಇಂಥದೇ ಕತೆ. ಹ್ಯಾಲೊಪೆರಿಡಾಲ್ ಎಷ್ಟೋ ದಶಕದಿಂದ ಕೊಡುತ್ತಾ ಬಂದಿದ್ದಾರೆ. 2018ರಲ್ಲಿ ಅಮೆರಿಕದ ಐಸಿಯುಗಳ 566 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಅದನ್ನು ಕೊಟ್ಟರೂ, ಬರೀ ಉಪ್ಪುನೀರಿನ ಇಂಜೆಕ್ಷನ್ ಕೊಟ್ಟರೂ ಡೆಲಿರಿಯಂ ಇರುವ ದಿನಗಳು ಕಮ್ಮಿಯಾಗಲಿಲ್ಲ. ರೋಗಿ ತನಗೋ ಬೇರೆಯವರಿಗೋ ಅಪಾಯ ಮಾಡಿಕೊಳ್ಳುವ ಹಾಗಿದ್ದರೆ ಸ್ವಲ್ಪ ಕೊಡಬೇಕಾಗಬಹುದು, ಅದು ಬೇರೆ ಮಾತು. ಪಾರ್ಕಿನ್ಸನ್ ಅನ್ನುವ ನಡುಕದ ಕಾಯಿಲೆ, ಲೂಯಿ ಬಾಡಿ ಅನ್ನುವ ಒಂದು ಬಗೆಯ ಮರೆವಿನ ಕಾಯಿಲೆ ಇರುವವರಿಗಂತೂ ಹ್ಯಾಲೊಪೆರಿಡಾಲ್ ಅಪಾಯ, ಅಂಥ ಕಾಯಿಲೆ ಇದ್ದರೆ ಮೊದಲೇ ಹೇಳಬೇಕು.

ಕೆಲಸ ಮಾಡಿದ್ದು ಯಾವುದು ಅಂದರೆ, ಯಾರಿಗೂ ದೊಡ್ಡದು ಅನ್ನಿಸದ ಸಂಗತಿಗಳು. ಅಮೆರಿಕದ ಯೇಲ್ ಆಸ್ಪತ್ರೆಯಲ್ಲಿ ಶರಾನ್ ಇನೌಯೆ ಎಂಬ ವೈದ್ಯೆ ಮತ್ತು ಅವರ ತಂಡ 70 ದಾಟಿದ 852 ರೋಗಿಗಳನ್ನು ನೋಡಿದರು. ಅರ್ಧ ಜನರಿಗೆ ಎಂದಿನ ಚಿಕಿತ್ಸೆ. ಉಳಿದವರಿಗೆ ಅದರ ಜೊತೆ ಕನ್ನಡಕ, ಕಿವಿ ಮೆಷಿನ್ ಹಾಕಿಸುವುದು, ಇವತ್ತು ಯಾವ ದಿನ, ಎಲ್ಲಿದ್ದೀರಿ ಅಂತ ಮಾತಾಡಿಸುವುದು, ನೀರು ಕುಡಿಸುವುದು, ಎಬ್ಬಿಸಿ ನಡೆಸುವುದು, ನಿದ್ದೆಗೆ ಮಾತ್ರೆ ಬದಲು ಬಿಸಿ ಹಾಲು, ಬೆನ್ನು ಸವರುವುದು, ರಾತ್ರಿ ಗಲಾಟೆ ಕಮ್ಮಿ ಮಾಡುವುದು. ಎಂದಿನ ಚಿಕಿತ್ಸೆಯಲ್ಲಿ 15% ಜನರಿಗೆ ಡೆಲಿರಿಯಂ ಆಯಿತು, ಇವರಲ್ಲಿ 9.9%. 1999ರಲ್ಲಿ ಇದು ಪ್ರಕಟವಾಯಿತು. ಅವರು ಇದಕ್ಕೆ ಸ್ವಯಂಸೇವಕರನ್ನು ತರಬೇತಿ ಕೊಟ್ಟು ತಯಾರು ಮಾಡಬೇಕಾಯಿತು. ನಮ್ಮಲ್ಲಿ? ಪ್ರತಿ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಒಬ್ಬ ಮಗಳೋ ಸೊಸೆಯೋ ತಮ್ಮನೋ ಮಲಗಿರುತ್ತಾರೆ! ಇಷ್ಟು ಒಳ್ಳೆಯ ಔಷಧಿಯನ್ನು ಮೆಡಿಕಲ್ ಸ್ಟೋರಿಗೆ ಓಡಿಸಲು, ಬಿಲ್ ಕೌಂಟರಿನಲ್ಲಿ ನಿಲ್ಲಿಸಲು ಮಾತ್ರ ಬಳಸುತ್ತೇವೆ. ಐಸಿಯುನಲ್ಲಂತೂ ದಿನಕ್ಕೆ ಹತ್ತು ನಿಮಿಷ ಬಾಗಿಲಾಚೆಯಿಂದ ನೋಡಿ ಹೋಗಿ ಅಂತಾರೆ. ನನಗಂತೂ ಇದು ಒಪ್ಪಿಗೆ ಇಲ್ಲ.

ಗಲಾಟೆ ಮಾಡುವವರಾದರೂ ಕಣ್ಣಿಗೆ ಬೀಳುತ್ತಾರೆ. ಸುಮ್ನೆ ಮಲಗಿರುವವರು? ಡೆಲಿರಿಯಂನ ಇನ್ನೊಂದು ರೂಪದಲ್ಲಿ ರೋಗಿ ಮಂಕಾಗಿ, ಮಾತು ಕಮ್ಮಿಯಾಗಿ, ಊಟ ಬೇಡವಾಗಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಾರೆ. ಅವರಿಗೂ ಏನೇನೋ ಕಾಣುತ್ತಿರಬಹುದು, ಹೇಳುವುದಿಲ್ಲ ಅಷ್ಟೇ. "ಪಾಪ, ಚೆನ್ನಾಗಿ ನಿದ್ದೆ ಮಾಡ್ತಿದ್ದಾರೆ" ಅಂತ ನಾವು ಖುಷಿಪಡುತ್ತೇವೆ. ಕೂಗಾಡುವವರಿಗಿಂತ ಇವರನ್ನೇ ಹೆಚ್ಚಾಗಿ ಎಲ್ಲರೂ ಗಮನಿಸದೆ ಬಿಡುವುದು. ಹಗಲಲ್ಲಿ ಎಬ್ಬಿಸಿ ಮಾತಾಡಿಸಿ ನೋಡಿ. ಮಾತಿನ ಮಧ್ಯೆ ಜಾರಿ ಹೋಗುತ್ತಿದ್ದರೆ ಹೇಳಿ ಡಾಕ್ಟರಿಗೆ.

ಕಾಣುವುದರ ಬಗ್ಗೆ ವಾದ ಮಾಡಿ ಗೆಲ್ಲಲು ಆಗುವುದಿಲ್ಲ. ಹೌದು ಹೌದು ಅಂತ ಸೇರಿಕೊಳ್ಳುವುದೂ ಸರಿಯಲ್ಲ, ಭಯ ಜಾಸ್ತಿಯಾಗುತ್ತದೆ. ದೊಡ್ಡಮ್ಮ ಆ ರಾತ್ರಿ ಮಾಡಿದ್ದನ್ನು ನಾನು ಇನ್ಯಾರೂ ಮಾಡಿದ್ದು ನೋಡಿಲ್ಲ. ಕೈ ಬಿಚ್ಚಿದ ಮೇಲೆ ಪಕ್ಕ ಕೂತು, "ರಾಗಿ ಮನೇಲಿ ತುಂಬ್ಸಿಟ್ಟೀವಿ, ನಿಮ್ಮ ಮಗ ನೋಡ್ಕೋತವ್ನೆ. ನೀವು ಬಿದ್ದು ಕಾಲು ಮುರ್ಕೊಂಡು ಆಸ್ಪತ್ರೆಗೆ ಬಂದಿದ್ದೀರಿ, ನಾನು ಇಲ್ಲೇ ಅವ್ನಿ" ಅಂತ ಅದನ್ನೇ ಮತ್ತೆ ಮತ್ತೆ ಹೇಳುತ್ತಾ ಕೂತರು. ಸುಳ್ಳು ಒಂದೂ ಇರಲಿಲ್ಲ. ಆ ವರ್ಷದ ರಾಗಿ ಆಗಲೇ ಮನೆ ಸೇರಿತ್ತು.

ಡಿಸ್ಚಾರ್ಜ್ ದಿನ ಕೊಟ್ಟ ಕಾಗದದಲ್ಲಿ ಮೂಳೆಗೆ ಹಾಕಿದ ಪ್ಲೇಟಿನ ಅಳತೆ ಕೂಡ ಇತ್ತು, ಡೆಲಿರಿಯಂ ಎಂಬ ಪದ ಮಾತ್ರ ಎಲ್ಲೂ ಇರಲಿಲ್ಲ. ಒಮ್ಮೆ ಆದವರಿಗೆ ಇನ್ನೊಮ್ಮೆ ಆಗುವ ಸಂಭವ ಜಾಸ್ತಿ, ಹಾಗಾಗಿ ಕೇಳಿ ಬರೆಸಿಕೊಂಡೆವು. ಮುಂದೆ ಹರ್ನಿಯಾ ಆಪರೇಷನ್‌ಗೆ ಬೇರೆ ಕಡೆ ಹೋದಾಗ ಅದನ್ನೂ, ಮನೆಯಲ್ಲಿದ್ದ ಎಲ್ಲ ಮಾತ್ರೆಗಳ ಚೀಲವನ್ನೂ ಅನಸ್ತೇಶಿಯಾ ಡಾಕ್ಟರ ಮೇಜಿನ ಮೇಲೆ ಇಟ್ಟೆ. ಅವರು ಚೀಲದೊಳಗೆ ಕೈ ಹಾಕಿ ನೆಗಡಿ ಮಾತ್ರೆಯ ಸ್ಟ್ರಿಪ್ಪನ್ನು ಆರಿಸಿ ಪಕ್ಕಕ್ಕಿಟ್ಟರು. "ಇದು ಬೇಡ" ಎಂದರು. ದೊಡ್ಡಪ್ಪ ಕನ್ನಡಕ ಹಾಕಿಕೊಂಡೇ ಥಿಯೇಟರಿಗೆ ಹೋದರು, ಬಾಗಿಲಲ್ಲಿ ಸಿಸ್ಟರ್ ಅದನ್ನು ತೆಗೆದು ನನ್ನ ಕೈಗೆ ಕೊಟ್ಟಳು, ಹೊರಗೆ ತಂದ ಕೂಡಲೇ ಮತ್ತೆ ಹಾಕಿದೆವು.